ಒಂಬತ್ತನೆಯವಳ ತವರು

ಬೇಸ್‌ಬಾಲ್ ಆಡಲು ಒಂಬತ್ತು ಮಂದಿ ಬೇಕು. ಎಂಟು ಮಂದಿ ಬಂದರೆ ಅದು ತಂಡವಲ್ಲ, ಮೈದಾನ ನೋಡಲು ಬಂದ ಎಂಟು ಹುಡುಗಿಯರು. ಈ ಸಣ್ಣ ಲೆಕ್ಕವನ್ನು ಬೈಲಹೊಂಗಲ ಸೀಮೆಯ ತಂದೆತಾಯಿಗಳಿಗೆ, ಅತ್ತೆಮಾವಂದಿರಿಗೆ ತಿಳಿಸಿ ಹೇಳುವುದರಲ್ಲೇ ಜೈಬುನ್ನಿಸಾಳ ಆರು ವರ್ಷ ಕಳೆದಿದ್ದವು. ಎಂಟು ಮಂದಿ ಇದ್ದಾರಲ್ಲ, ನಮ್ಮವಳೊಬ್ಬಳು ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ಎಲ್ಲರೂ ಕೇಳುತ್ತಿದ್ದರು. ಒಂಬತ್ತು ಮನೆಯವರೂ ಅದನ್ನೇ ಕೇಳುತ್ತಿದ್ದರು, ಅದೇ ತೊಂದರೆ.

ಅವಳು ಹೆಣ್ಣುಮಕ್ಕಳ ಪ್ರೌಢಶಾಲೆಯ ಆಟದ ಟೀಚರು. ವಯಸ್ಸು ಮೂವತ್ತನಾಲ್ಕು, ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು ಮತ್ತು ಅವಳ ತಂದೆ ಮಲ್ಲಿಕಸಾಬ ಇಬ್ಬರೇ. ಮಲ್ಲಿಕಸಾಬ ಬೈಲಹೊಂಗಲದಿಂದ ಸವದತ್ತಿಗೆ ಬಾಡಿಗೆಯ ಟ್ರ್ಯಾಕ್ಸ್ ಗಾಡಿ ಓಡಿಸುತ್ತಿದ್ದ. ಮಗಳ ಹುಚ್ಚಿಗೆ ಡೀಸೆಲ್ ಹಾಕುವುದು ತನ್ನ ಹಣೆಬರಹ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಗುತ್ತ ಹೇಳಿಕೊಳ್ಳುತ್ತಿದ್ದ.

ಹುಚ್ಚು ಹತ್ತಿದ್ದು ಅವಳು ಟ್ರೇನಿಂಗಿನಲ್ಲಿದ್ದಾಗ. ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲಿ ಕಟ್ಟಿಟ್ಟಿದ್ದ ಹಳೆಯ ಇಂಗ್ಲಿಷ್ ಮಾಸಪತ್ರಿಕೆಗಳಲ್ಲಿ ಅಮೆರಿಕದ ಹೆಂಗಸರ ಫೋಟೋಗಳಿದ್ದವು. ಮೊಣಕಾಲ ಮೇಲಿನ ಲಂಗ, ತಲೆಗೆ ಟೋಪಿ, ಕೈಯಲ್ಲಿ ಬ್ಯಾಟು. ಎರಡನೆಯ ಮಹಾಯುದ್ಧಕ್ಕೆ ಗಂಡಸರು ಹೋದಾಗ ಹೆಂಗಸರನ್ನು ವಾರದ ಪಗಾರದ ಮೇಲೆ ಕರೆದು ಬೇಸ್‌ಬಾಲ್ ಆಡಿಸಿದರು, ಅದು ಹನ್ನೆರಡು ವರ್ಷ ನಡೆಯಿತು ಎಂದು ಕೆಳಗೆ ಬರೆದಿತ್ತು. ಅವರ ಜೊತೆ ಕಾವಲಿಗೊಬ್ಬ ಹಿರಿಯ ಹೆಂಗಸು ಇರಬೇಕಿತ್ತಂತೆ, ತುಟಿಗೆ ಬಣ್ಣ ಹಚ್ಚದೆ ಮೈದಾನಕ್ಕೆ ಬಿಡುತ್ತಿರಲಿಲ್ಲವಂತೆ. ಅವರಲ್ಲಿ ಮಕ್ಕಳ ತಾಯಂದಿರೂ ಇದ್ದರಂತೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಊರೂರು ತಿರುಗಿ, ಗಂಡಸರ ತಂಡಗಳ ಎದುರು ಆಡಿ ದುಡಿದ ಹೆಂಗಸರಿದ್ದರಂತೆ. ಇಷ್ಟೆಲ್ಲ ಆದಮೇಲೆ 1952ರಲ್ಲಿ ಗಂಡಸರ ತಂಡವೊಂದು ಒಬ್ಬ ಹೆಂಗಸನ್ನು ಪಗಾರದ ಮೇಲೆ ತೆಗೆದುಕೊಂಡರೆ, ದೊಡ್ಡವರೆನಿಸಿಕೊಂಡವರು ಸೇರಿ ಕೆಲವೇ ದಿನಗಳಲ್ಲಿ ಅದನ್ನು ರದ್ದು ಮಾಡಿ, ಇನ್ನು ಮುಂದೆ ಹೆಂಗಸರನ್ನು ತೆಗೆದುಕೊಳ್ಳಲೇಬಾರದೆಂದು ಠರಾವು ಹೊರಡಿಸಿದರಂತೆ. ಓದಿದಾಗ ಜೈಬುನ್ನಿಸಾಳಿಗೆ ಬಂದ ಸಿಟ್ಟು ಇವತ್ತಿಗೂ ಇಳಿದಿರಲಿಲ್ಲ. ಅಷ್ಟು ದೂರದ, ಅಷ್ಟು ಹಳೆಯ ಸಿಟ್ಟನ್ನು ಬೈಲಹೊಂಗಲದಲ್ಲಿ ಯಾರ ಮೇಲೆ ತೀರಿಸಿಕೊಳ್ಳುವುದು? ಅವಳು ತಂಡ ಕಟ್ಟಿದಳು.

ಕಟ್ಟಿದ್ದು 1990ರಲ್ಲಿ. ಆಗಿದ್ದದ್ದು ಒಂದು ಬ್ಯಾಟು, ಎರಡು ಚೆಂಡು. ಚೆಂಡು ಹಿಡಿಯಲು ಕೈಗೆ ಹಾಕಿಕೊಳ್ಳುವ ಚರ್ಮದ ಗ್ಲೋವನ್ನು ಬಜಾರದಲ್ಲಿ ಚಪ್ಪಲಿ ಹೊಲಿಯುವ ಮಡಿವಾಳೆಪ್ಪನಿಗೆ ಚಿತ್ರ ತೋರಿಸಿ ಹೊಲಿಸಿದಳು. ಆತ ತಿಂಗಳುಗಟ್ಟಲೆ ತಿರುಗಾಡಿಸಿ ಒಂಬತ್ತೂ ಗ್ಲೋವುಗಳನ್ನು ಬಲಗೈಗೆ ಹೊಲಿದು ಕೊಟ್ಟ. ಬಲಗೈಯಲ್ಲಿ ಚೆಂಡು ಒಗೆಯಬೇಕು, ಗ್ಲೋವು ಎಡಗೈಗೆ ಎಂದರೆ, ಇಷ್ಟು ಚಂದದ ಚರ್ಮವನ್ನು ಯಾರಾದರೂ ಎಡಗೈಗೆ ಹಾಕಿಕೊಳ್ಳುತ್ತಾರೆಯೇ ಎಂದು ಅವಳಿಗೇ ತಿರುಗಿ ಬುದ್ಧಿ ಹೇಳಿದ. ಎಲ್ಲವನ್ನೂ ಬಿಚ್ಚಿಸಿ ಮತ್ತೆ ಹೊಲಿಸುವಷ್ಟರಲ್ಲಿ ಮೊದಲ ತಂಡದ ಇಬ್ಬರ ಮದುವೆಯಾಗಿ ಹೋಗಿತ್ತು.

ಹಾಗೆಯೇ ನಡೆಯಿತು ಮುಂದೆಯೂ. ಒಬ್ಬಳಿಗೆ ಆಟ ಕಲಿಸಿ ಮುಗಿಸಿದಾಗ ರಾಮದುರ್ಗಕ್ಕೆ ಮದುವೆ ಮಾಡಿಕೊಟ್ಟರು. ಇನ್ನೊಬ್ಬಳನ್ನು, ಬಿಸಿಲಿಗೆ ಮುಖ ಕಪ್ಪಾಗುತ್ತದೆ, ವರ ಸಿಗುವುದಿಲ್ಲ ಎಂದು ಅಜ್ಜಿ ಕೊಡೆ ಹಿಡಿದು ಮೈದಾನಕ್ಕೇ ಬಂದು ಕರೆದುಕೊಂಡು ಹೋದಳು. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ, ಒಬ್ಬಳನ್ನು ತಂದು ಕೂರಿಸಿದರೆ ಇಬ್ಬರು ಜಿಗಿಯುತ್ತಿದ್ದರು. 1994ರಲ್ಲಿ ರಾಜ್ಯ ತಂಡದ ಆಯ್ಕೆ ಪಂದ್ಯಕ್ಕೆ ಧಾರವಾಡ ಮುಟ್ಟಿದಾಗ ಟ್ರ್ಯಾಕ್ಸಿನಲ್ಲಿ ಏಳು ಮಂದಿ. ಮರುವರ್ಷ ಎಂಟು. ಎರಡೂ ಸಲ ಆಡದೆ ಸೋತು ಬಂದರು. ಈ ವರ್ಷವೂ ಒಂಬತ್ತು ಮಂದಿ ಇಲ್ಲದಿದ್ದರೆ ತಂಡದ ಹೆಸರನ್ನೇ ಪಟ್ಟಿಯಿಂದ ತೆಗೆಯುವುದಾಗಿ ಪಂದ್ಯ ನಡೆಸುವವರು ಕಾಗದ ಬರೆದಿದ್ದರು. ಅದು 1996. ಪಂದ್ಯದ ದಿನ ನಾಗರಪಂಚಮಿಯ ಮರುದಿನ ಬಿದ್ದಿತ್ತು. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಈ ಮಹಾನುಭಾವರಿಗೆ ಇದೇ ದಿನ ಸಿಕ್ಕಿತೇ ಎಂದು ಜೈಬುನ್ನಿಸಾ ಆ ಕಾಗದವನ್ನು ಮೂರು ಸಲ ಓದಿ ಮೂರು ಸಲವೂ ಬೈದಳು.

ತಂಡದ ಪ್ರಾಣವೆಂದರೆ ಕರೆವ್ವ. ಬೇಸ್‌ಬಾಲಿನಲ್ಲಿ ನಡುವೆ ನಿಂತು ಬ್ಯಾಟಿನವಳಿಗೆ ಚೆಂಡು ಒಗೆಯುವವಳೇ ಆಟದ ಅರ್ಧ. ಕರೆವ್ವ ಸಂಪಗಾಂವದ ಹುಡುಗಿ. ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿದಾಗ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಿ ಬೆಳೆದವಳು. ಬೇರೆ ಹುಡುಗಿಯರಿಗೆ ಕವಣೆ ಬೇಕು, ಇವಳಿಗೆ ಕೈಯೇ ಸಾಕಾಗಿತ್ತು. ಎಂಟನೆಯ ತರಗತಿಯಲ್ಲಿದ್ದಾಗ ಅವಳು ಮೈದಾನದ ಈ ಅಂಚಿನಿಂದ ಆ ಅಂಚಿಗೆ ಚೆಂಡು ಒಗೆದದ್ದನ್ನು ನೋಡಿ ಜೈಬುನ್ನಿಸಾ ಸೀಟಿ ಊದುವುದನ್ನೇ ಮರೆತಿದ್ದಳು. ತಾಯಿ ಮೊದಲೇ ಹೋಗಿದ್ದಳು, ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ತಂದೆಯೂ ಹೋದ. ಸೋದರಮಾವ ಹದಿನೆಂಟಕ್ಕೆ ಅವಳನ್ನು ಚಚಡಿಯ ಬಾಳೇಶನಿಗೆ ಮದುವೆ ಮಾಡಿಕೊಟ್ಟು, ಹೊಲ ಮಾರಿ, ಮಹಾರಾಷ್ಟ್ರದ ಕಡೆ ಹೊರಟುಹೋದ.

ಮದುವೆಯಾದ ಎರಡು ತಿಂಗಳಿಗೆ ಜೈಬುನ್ನಿಸಾ ಚಚಡಿಗೆ ಹೋಗಿ ಅತ್ತೆ ಸುಂದರವ್ವನ ಮುಂದೆ ಕುಳಿತಿದ್ದಳು. ಸುಂದರವ್ವ ಮಾತು ಕಡಿಮೆಯ, ಕಿವಿ ಚುರುಕಿನ ಹೆಂಗಸು. ಗಂಡ ಸತ್ತ ಮೇಲೆ ಹತ್ತು ಎಕರೆಯನ್ನು ಒಬ್ಬಳೇ ಸಂಭಾಳಿಸಿದ್ದಳು. ಮರ್ಯಾದಸ್ಥರ ಮನೆಯ ಸೊಸೆಯಂದಿರೂ ಚೆಂಡಾಟ ಆಡುತ್ತಾರೆ ಎಂದು ತೋರಿಸಲು ಜೈಬುನ್ನಿಸಾ ಅಮೆರಿಕದ ಕಥೆ ತೆಗೆದಳು. ಕಾವಲಿನ ಹಿರಿಯ ಹೆಂಗಸಿನ ವಿಷಯಕ್ಕೆ ಒತ್ತು ಕೊಟ್ಟಳು, ಮಕ್ಕಳ ತಾಯಂದಿರ ವಿಷಯಕ್ಕೆ ಇನ್ನೂ ಒತ್ತು ಕೊಟ್ಟಳು. ಈಗಲೂ ಅಲ್ಲಿ ಪಗಾರ ಕೊಟ್ಟು ಆಡಿಸುವ ಹೆಂಗಸರ ತಂಡ ಒಂದಿದೆ, ಗಂಡಸರ ತಂಡಗಳ ಎದುರು ಆಡುತ್ತದೆ, ಪೇಪರಿನಲ್ಲಿ ಬಂದಿದೆ ಎಂದೂ ಸೇರಿಸಿದಳು. ಅರ್ಧ ಗಂಟೆಯ ಆ ಕಥೆಯಲ್ಲಿ ಸುಂದರವ್ವನ ಕಿವಿಗೆ ಬಿದ್ದದ್ದು ಒಂದೇ ಮಾತು.

“ಪಗಾರ ಕೊಡತಾರಂತೀರಿ,” ಎಂದಳು.

“ಕೊಡತಾರ್ರಿ,” ಎಂದಳು ಜೈಬುನ್ನಿಸಾ. ಅಮೆರಿಕದಲ್ಲಿ ಎನ್ನುವುದನ್ನು ಇನ್ನೊಮ್ಮೆ ಹೇಳಬೇಕಿತ್ತು. ಹೇಳಲಿಲ್ಲ. ಕಥೆಯುದ್ದಕ್ಕೂ ಹತ್ತು ಸಲ ಹೇಳಿದ್ದೇನೆ, ಹನ್ನೊಂದನೆಯ ಸಲ ಯಾಕೆ ಹೇಳಬೇಕು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಮುಂದಿನ ವಾರದಿಂದ ಕರೆವ್ವ ಸಂತೆಯ ದಿನ ಬುಟ್ಟಿ ಹೊತ್ತು ಬೈಲಹೊಂಗಲಕ್ಕೆ ಬರತೊಡಗಿದಳು. ಬುಟ್ಟಿಯನ್ನು ಮೈದಾನದ ಬೇವಿನ ಬುಡದಲ್ಲಿಟ್ಟು, ಸೀರೆಯ ಕಚ್ಚೆ ಬಿಗಿದು ಒಂದೂವರೆ ಗಂಟೆ ಆಡಿ, ಸಂತೆ ಮುಗಿಸಿಕೊಂಡು ಬಸ್ಸು ಹತ್ತುತ್ತಿದ್ದಳು.

ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಸೆಗೆ ಚೆಂಡಾಡುವ ನೌಕರಿ ಸಿಗುತ್ತದೆ ಎಂದು ಸುಂದರವ್ವ ಒಂದಿಬ್ಬರಿಗೆ ಹೇಳಿದಳು. ಒಂದಿಬ್ಬರು ಊರಿಗೆ ಹೇಳಿದರು. ತಿಂಗಳು ತುಂಬುವಷ್ಟರಲ್ಲಿ ಚೆಂಡು ಒಗೆಯುವ ಹೆಂಗಸರಿಗೆ ಸರಕಾರ ಪಗಾರ ಕೊಡುತ್ತದಂತೆ ಎಂಬ ಸುದ್ದಿ ಎರಡು ತಾಲೂಕಿನಲ್ಲಿ ತಿರುಗಾಡಿತು. ಯಾವ ಅಪ್ಪಂದಿರು ಮಗಳ ಚಡ್ಡಿಯ ಅಳತೆ ಕೇಳಿ ಬಾಗಿಲು ಹಾಕಿಕೊಂಡಿದ್ದರೋ ಅವರೇ ಈಗ ಅರ್ಜಿ ಹಿಡಿದು ಶಾಲೆಗೆ ಬಂದರು. ದೇಗಾಂವದಿಂದ ಒಬ್ಬ ತನ್ನ ಹೆಂಡತಿಯನ್ನು ಸೇರಿಸಿಕೊಳ್ಳಿರೆಂದು ಕುಳಿತುಬಿಟ್ಟ. ಅವಳಿಗೇನು ಆಟ ಬರುತ್ತದೆ ಎಂದರೆ, ಆಟ ಬರುವುದಿಲ್ಲ, ಆದರೆ ಚೊಂಬು ಒಗೆದರೆ ಗುರಿ ತಪ್ಪುವುದಿಲ್ಲ ಎಂದು ಹಣೆಯ ಗಾಯ ತೋರಿಸಿದ. ಜೈಬುನ್ನಿಸಾ ಎಲ್ಲರಿಗೂ ಇಲ್ಲ ಇಲ್ಲ ಎಂದು ಹೇಳಿ ಗಂಟಲು ಹರಿದುಕೊಂಡಳು. ಚಚಡಿಯ ಒಂದು ಮನೆಗೆ ಮಾತ್ರ ಆ ಇಲ್ಲವನ್ನು ಮುಟ್ಟಿಸಲಿಲ್ಲ. ಅಲ್ಲಿಗೆ ಮುಟ್ಟಿಸಿದರೆ ಒಂಬತ್ತಾಗುವ ಆಸೆಯೇ ಹೋಗುತ್ತಿತ್ತು.

ಎರಡು ವರ್ಷ ಹೀಗೆ ದೂಡಿದ ಮೇಲೆ, ಪಂಚಮಿಗೆ ಇನ್ನು ಇಪ್ಪತ್ತು ದಿನವಿರುವಾಗ, ಸಂತೆಯಲ್ಲಿ ಸುಂದರವ್ವನೂ ತಂಡದ ಮಂಜುಳಾಳ ತಾಯಿಯೂ ಒಂದೇ ಬಳೆಗಾರನ ಮುಂದೆ ಕುಳಿತರು. ನಿಮ್ಮ ಮಗಳಿಗೆ ಪಗಾರ ಶುರುವಾಯಿತೇ ಎಂದು ಸುಂದರವ್ವ ಕೇಳಿದಳು. ಪಗಾರದ ಮಾತು ಹಾಗಿರಲಿ, ಬಸ್ಸಿನ ಚಾರ್ಜೂ ನಮ್ಮ ಕೈಯಿಂದಲೇ ಹೋಗುತ್ತದೆ ಎಂದು ಆ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಳೆಗಾರನೂ ನಕ್ಕ. ಮುಂದಿನ ಸಂತೆಗೆ ಕರೆವ್ವ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ.

ಜೈಬುನ್ನಿಸಾ ಚಚಡಿಗೆ ಹೋದಳು. ಬೈಯಿಸಿಕೊಳ್ಳಲು ಮನಸ್ಸು ಗಟ್ಟಿಮಾಡಿಕೊಂಡು ಹೋಗಿದ್ದಳು, ಆದರೆ ಸುಂದರವ್ವ ಬೈಯಲಿಲ್ಲ. ಚಹಾ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಕಾದಳು. ಕರೆವ್ವ ಒಳಗೆ ಬೀಸುಕಲ್ಲಿನ ಹತ್ತಿರ ಕುಳಿತಿದ್ದಳು, ಕಲ್ಲು ತಿರುಗುವ ಸದ್ದು ನಿಂತಿತ್ತು.

“ನೀವು ಸಾಲಿ ಕಲಿಸೋ ಅಕ್ಕಾರು. ನಾ ಅಕ್ಷರ ಬರಲಾರದಾಕಿ,” ಎಂದಳು ಸುಂದರವ್ವ. “ಸುಳ್ಳ ಯಾರ ಬಾಯಾಗಿಂದ ಬಂತು ಹೇಳ್ರಿ. ಊರ ಮಂದಿ ನನ್ನ ಕೇಳಾಕ ಹತ್ತ್ಯಾರ, ಪಗಾರ ಬಂತೇನ ಸುಂದರವ್ವ ಅಂತ.”

ಅಮೆರಿಕದಲ್ಲಿ ಎಂದು ಹೇಳಿದ್ದೆ ಎನ್ನುವ ವಕೀಲಿ ಜೈಬುನ್ನಿಸಾಳ ನಾಲಿಗೆಯವರೆಗೆ ಬಂದು ಅಲ್ಲೇ ಸತ್ತಿತು. ತಪ್ಪಾಯಿತು ಎಂದಳು. ಪಂದ್ಯ ಮುಗಿಯುವವರೆಗೆ, ಒಂದೇ ಒಂದು ಸಲ ಕಳಿಸಿಕೊಡಿರೆಂದು ಕೇಳಿಕೊಂಡಳು. ಸುಂದರವ್ವ ಚಹಾದ ಬಟ್ಟಲು ಎತ್ತಿಟ್ಟು ಎದ್ದಳು.

“ಹಬ್ಬದಾಗ ಸೊಸಿ ಹೊಸ್ತಿಲಾ ದಾಟೂದು ತವರಿಗಷ್ಟ. ಅಕಿನ್ನ ಕರಿಯಾಕ ಬರಾವರು ಯಾರರೆ ಇದ್ದಿದ್ರ ನಾನ ಕಳಸ್ತಿದ್ನಿ. ಚೆಂಡಾಟಕ್ಕ ಕಳಸೂದಿಲ್ಲ.”

ಈ ಸೀಮೆಯಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಅಪ್ಪನೋ ಬಂದು ಮದುವೆಯಾದವಳನ್ನು ತವರಿಗೆ ಕರೆದೊಯ್ಯುತ್ತಾರೆ. ನಾಲ್ಕೈದು ದಿನ ಅವಳು ಜೋಕಾಲಿ ಜೀಕಿ, ಉಂಡಿ ತಿಂದು, ಯಾರ ಮಾತೂ ಕೇಳದೆ ಇರಬಹುದು. ಕರೆಯಲು ಬಂದವರನ್ನು ಯಾವ ಅತ್ತೆಯೂ ಬರಿಗೈಯಲ್ಲಿ ತಿರುಗಿಸಿ ಕಳಿಸುವುದಿಲ್ಲ. ಕಳಿಸಿದರೆ ಊರು ಅವಳ ಹೆಸರು ಹಿಡಿದು ಆಡಿಕೊಳ್ಳುತ್ತದೆ. ಕರೆವ್ವನನ್ನು ಮದುವೆಯಾದಾಗಿನಿಂದ ಯಾರೂ ಕರೆಯಲು ಬಂದಿರಲಿಲ್ಲ. ಓಣಿಯ ಸೊಸೆಯಂದಿರೆಲ್ಲ ಗಂಟು ಕಟ್ಟಿಕೊಂಡು ಹೋದ ಮೇಲೆ ಅವಳು ಅತ್ತೆಯ ಊರಿನಲ್ಲೇ, ತವರಿಗೆ ಬಂದ ಬೇರೆಯವರ ಮಕ್ಕಳ ಜೋಕಾಲಿ ತೂಗುತ್ತಿದ್ದಳು.

ತಿರುಗಿ ಬರುವಾಗ ಜೈಬುನ್ನಿಸಾ ಬಸ್ಸಿನಲ್ಲಿ ಎಲ್ಲರ ಮೇಲೂ ಸಿಟ್ಟಾದಳು. ಸುಂದರವ್ವನ ಮೇಲೆ, ಬಳೆಗಾರನ ಮೇಲೆ, ಹಬ್ಬದ ಮರುದಿನ ಪಂದ್ಯ ಇಟ್ಟವರ ಮೇಲೆ, ಹೊಲ ಮಾರಿಕೊಂಡು ಓಡಿಹೋದ ಸೋದರಮಾವನ ಮೇಲೆ. ಬೈಲಹೊಂಗಲ ಹತ್ತಿರ ಬರುವಷ್ಟರಲ್ಲಿ ಬೈಯಲು ಹೊಸಬರು ಯಾರೂ ಉಳಿಯಲಿಲ್ಲ. ಆಗ ಒಂದು ಉಪಾಯ ಹೊಳೆಯಿತು. ಕರೆಯಲು ಯಾರಾದರೂ ಬರಬೇಕು, ಅಷ್ಟೇ ತಾನೇ? ಯಾರು ಎಂದು ಸುಂದರವ್ವ ಹೇಳಲಿಲ್ಲವಲ್ಲ?

ಮಲ್ಲಿಕಸಾಬ ಈ ಉಪಾಯ ಕೇಳಿ ನಗಲಿಲ್ಲ. ತವರಿನವರಾಗಿ ಹೋಗುವುದಾದರೆ ಉಂಡಿ ಬೇಕು, ಕುಬಸದ ಖಣ ಬೇಕು, ಬಳೆ ಬೇಕು ಎಂದು ಬೆರಳು ಮಡಚಿದ. ಉಂಡಿಯ ಬದಲು ಶೇಂಗಾ, ಬೆಲ್ಲ, ಎಳ್ಳು ಹಸಿಯಾಗಿಯೇ ಕಟ್ಟಿಕೊಂಡು ಹೋಗೋಣ, ಅವರೇ ಮಾಡಿಕೊಳ್ಳಲಿ ಎಂದ. ನಮ್ಮ ಮನೆಯ ಒಲೆಯ ಮೇಲಿನದನ್ನು ಅವರು ತಿಂದರೂ ಕಷ್ಟ, ತಿನ್ನದಿದ್ದರೂ ಕಷ್ಟ, ಯಾಕೆ ಆ ಹೆಂಗಸನ್ನು ಪೇಚಿಗೆ ಸಿಕ್ಕಿಸಬೇಕು ಎನ್ನುವುದು ಅವನ ಲೆಕ್ಕ. ಎರಡೂ ಕಡೆಯ ಮರ್ಯಾದೆ ಉಳಿಯುವ ಹಳೆಯ ರೂಢಿ ಅದು, ತಪ್ಪೇನಿಲ್ಲ. ಆದರೆ ಜೈಬುನ್ನಿಸಾಳಿಗೆ ತಲೆ ಕೆಟ್ಟಿತ್ತು.

“ಹಸೀ ಶೇಂಗಾ ಒಯ್ಯಾಕ ನಾವೇನ ಕಿರಾಣಿ ಅಂಗಡ್ಯಾವ್ರೇನ ಅಬ್ಬಾ? ತವರಂತ ಹೋಗೂದಾದ್ರ ಮನ್ಯಾಗ ಮಾಡಿದ್ದನ್ನ ಒಯ್ಯೂದು,” ಎಂದಳು.

ಹೇಳುವುದು ಸುಲಭ. ಅಡುಗೆ ಅವಳ ಆಟವಲ್ಲ. ಮೊದಲ ಪಾಕ ನೀರಾಯಿತು, ಎರಡನೆಯದು ಬಾಣಲೆಗೆ ಹತ್ತಿತು. ಮೂರನೆಯ ಸಲ ಪಕ್ಕದ ಮನೆಯ ಇಂದ್ರವ್ವ ಬಂದು ತಲೆಯ ಮೇಲೆ ನಿಂತು ಮಾಡಿಸಿದಳು. ಆದರೂ ಕಟ್ಟುವಾಗ ಜೈಬುನ್ನಿಸಾಳ ಕೈ ತನ್ನ ರೂಢಿಯನ್ನೇ ಹಿಡಿಯಿತು. ಉಂಡಿಗಳೆಲ್ಲ ಬೇಸ್‌ಬಾಲಿನ ಅಳತೆಗೆ ಬಂದವು, ಗಟ್ಟಿಯೂ ಅಷ್ಟೇ ಆದವು. ಇದನ್ನು ತಿನ್ನುವುದೋ ತಲೆ ಒಡೆಯುವುದೋ ಎಂದು ಇಂದ್ರವ್ವ ಕೇಳಿದಳು. ಜೈಬುನ್ನಿಸಾ ಎಲ್ಲವನ್ನೂ ಡಬ್ಬಿಗೆ ತುಂಬಿದಳು.

ಪಂಚಮಿಗೆ ಎರಡು ದಿನ ಮುಂಚಿನ ರೊಟ್ಟಿಹಬ್ಬದ ದಿನ ಬೆಳಿಗ್ಗೆ ಅಪ್ಪ ಮಗಳು ಟ್ರ್ಯಾಕ್ಸಿನಲ್ಲಿ ಚಚಡಿ ಮುಟ್ಟಿದರು. ಓಣಿಯ ಬೇವಿನ ಮರಕ್ಕೆ ಆಗಲೇ ಜೋಕಾಲಿ ಬಿದ್ದಿತ್ತು. ಹೆಂಗಸರು ಹುಡುಗಿಯರು ಸೇರಿದ್ದರು. ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ಡಬ್ಬಿ ಹಿಡಿದ ಆಟದ ಟೀಚರು, ಅವಳ ಹಿಂದೆ ಖಣ ಬಳೆಗಳ ತಾಟು ಹಿಡಿದ ಮಲ್ಲಿಕಸಾಬ ಬರುವುದನ್ನು ಕಂಡು ಜೋಕಾಲಿ ನಿಂತಿತು. ಸುಂದರವ್ವ ಬಾಗಿಲಿಗೆ ಬಂದಳು. ಅವಳ ಹಿಂದೆ ಕರೆವ್ವ, ಅವಳ ಹಿಂದೆ ಬಾಳೇಶ.

“ಕರೆವ್ವನ್ನ ಪಂಚಮಿಗೆ ಕರಕೊಂಡು ಹೋಗಾಕ ಬಂದೇವ್ರಿ,” ಎಂದ ಮಲ್ಲಿಕಸಾಬ. ಈ ಮಾತನ್ನು ಹಿರಿಯರೇ ಆಡಬೇಕೆಂದು ದಾರಿಯಲ್ಲಿ ಮಗಳಿಗೆ ಹೇಳಿಕೊಂಡು ಬಂದಿದ್ದ.

ಯಾರೋ ಕಿಸಕ್ಕೆಂದರು. ಸುಂದರವ್ವ ಆ ಕಡೆ ಒಂದು ಸಲ ನೋಡಿದಳು, ನಗು ನಿಂತಿತು. ಆಮೇಲೆ ಡಬ್ಬಿ ತೆರೆಯಲು ಹೇಳಿ ಒಂದು ಉಂಡಿ ಎತ್ತಿಕೊಂಡಳು. ಎರಡು ಕೈಯಿಂದ ಮುರಿಯಲು ನೋಡಿದಳು, ಮುರಿಯಲಿಲ್ಲ. ಹೊಸ್ತಿಲಿಗೆ ಕುಟ್ಟಿದಳು. ಎರಡನೆಯ ಪೆಟ್ಟಿಗೆ ಹೋಳಾಯಿತು. ಒಂದು ಹೋಳನ್ನು ಸೊಸೆಯ ಕೈಗಿಟ್ಟು, ಇನ್ನೊಂದನ್ನು ಎಲ್ಲರ ಎದುರಿಗೆ ತನ್ನ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಪಾಕ ಏರಿದೆ ಎಂದಳು. ಜೈಬುನ್ನಿಸಾಳಿಗೆ ಆಗ ಉಸಿರು ಬಂತು.

ಉಸಿರು ಪೂರ್ತಿ ಬರುವ ಮೊದಲೇ ಸುಂದರವ್ವ ಮಾತು ತೆಗೆದಳು.

“ತವರಂದ್ರ ಒಂದ ವರ್ಷದ್ದಲ್ರಿ ಅಕ್ಕಾರ. ವರ್ಷಾ ವರ್ಷಾ ಬರಬೇಕು. ಚೊಚ್ಚಲ ಬಾಣಂತನ ನಿಮ್ಮ ಮನ್ಯಾಗ. ನಾಳಿ ನಾನೂ ಅಕಿ ಜಗಳಾಡಿದ್ರ, ಅಕಿ ಅಳಕೋತ ನಿಮ್ಮ ಬಾಗಲಿಗೇ ಬರಾಕಿ. ಬಾಗಲಾ ತಗೀತೀರೇನು?”

“ತಗೀತೇವ್ರಿ,” ಎಂದಳು ಜೈಬುನ್ನಿಸಾ. ಸಂಬಳದ ದಿನ ಹೆಡ್‌ಮಾಸ್ತರರು ಮುಂದೆ ಸರಿಸಿದ ಕಾಗದಕ್ಕೆ ಓದದೆ ಸಹಿ ಹಾಕುವ ಹಾಗೆ ಹೇಳಿಬಿಟ್ಟಳು. ಅವಳ ತಲೆಯಲ್ಲಿ ಆಗ ಓಡುತ್ತಿದ್ದದ್ದು ಒಂದೇ ಅಂಕಿ. ಒಂಬತ್ತು.

“ತವರಿಗೆ ಹೋದಮ್ಯಾಲ ಅಕಿ ಜೋಕಾಲಿ ಆಡತಾಳೋ ಚೆಂಡ ಆಡತಾಳೋ, ಅದು ತವರಿನವರ ಜವಾಬ್ದಾರಿ. ನನ್ನ ಕೇಳಬ್ಯಾಡ್ರಿ,” ಎಂದು ಸುಂದರವ್ವ ಸೊಸೆಯ ತಲೆಗೆ ಹೂ ಮುಡಿಸಿದಳು.

ಕರೆವ್ವ ನಾಲ್ಕು ದಿನ ಬೈಲಹೊಂಗಲದ ಆ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಇಂದ್ರವ್ವ ಅವಳ ಕೈಗೆ ಮದರಂಗಿ ಹಚ್ಚಿದಳು. ಹಬ್ಬದ ದಿನ ಹಾಲೆರೆಯಲು ಅವಳನ್ನು ತನ್ನ ಜೊತೆ ಹುತ್ತಕ್ಕೆ ಕರೆದೊಯ್ದಳು. ಮಲ್ಲಿಕಸಾಬ ಮನೆಯ ಮುಂದಿನ ಹುಣಸೆಗೆ ಹಗ್ಗ ಕಟ್ಟಿ ಜೋಕಾಲಿ ಮಾಡಿಕೊಟ್ಟ. ಜೈಬುನ್ನಿಸಾಳಿಗೆ ಇದೆಲ್ಲ ಹೊತ್ತು ಹಾಳೆನಿಸಿತು. ಮದರಂಗಿಯ ಕೈಯಲ್ಲಿ ಚೆಂಡು ಜಾರುತ್ತದೆ ಎಂದು ಇಂದ್ರವ್ವನ ಜೊತೆ ಜಗಳಕ್ಕೆ ನಿಂತಳು. ಜೋಕಾಲಿಯಿಂದ ಇಳಿಸಿ ಮೈದಾನಕ್ಕೆ ಎಳೆದೊಯ್ದಳು, ಕತ್ತಲಾಗುವವರೆಗೆ ಒಗೆಸಿದಳು. ರಾತ್ರಿ ಊಟಕ್ಕೆ ಕುಳಿತಾಗಲೂ ಬೆರಳು ಹೀಗೆ ಹಿಡಿ, ಹಾಗೆ ಹಿಡಿ ಎಂದು ರೊಟ್ಟಿಯ ತುಣುಕಿನಿಂದಲೇ ಪಾಠ ನಡೆಸಿದಳು.

ಧಾರವಾಡದಲ್ಲಿ ಟ್ರ್ಯಾಕ್ಸ್ ಬಾಗಿಲು ತೆರೆದಾಗ ಒಂಬತ್ತು ಮಂದಿ ಇಳಿದರು. ಜೈಬುನ್ನಿಸಾ ಎರಡು ಸಲ ಎಣಿಸಿದಳು. ಮೊದಲ ಪಂದ್ಯದಲ್ಲಿ ಕರೆವ್ವ ಒಗೆದ ಚೆಂಡು ಎದುರಿನವರ ಕಣ್ಣಿಗೆ ಬೀಳುವ ಮೊದಲೇ ಜನ್ನತಳ ಗ್ಲೋವಿನಲ್ಲಿ ಸದ್ದು ಮಾಡುತ್ತಿತ್ತು. ಬ್ಯಾಟಿನ ಹಿಂದೆ ಕುಳಿತು ಚೆಂಡು ಹಿಡಿಯುವ ಜನ್ನತ ಒಂದೊಂದಕ್ಕೂ ಅಂಗೈ ಕೊಡವಿಕೊಂಡಳು. ಆ ಪಂದ್ಯ ಗೆದ್ದರು. ಆರು ವರ್ಷದಲ್ಲಿ ಮೊದಲ ಸಲ ಆಡಿದರು, ಆಡಿ ಗೆದ್ದರು. ಜೈಬುನ್ನಿಸಾಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ, ಬಗ್ಗಿ ಚೆಂಡು ಎತ್ತದ ಮಂಜುಳಾಳಿಗೆ ಬೈದಳು.

ಎರಡನೆಯದರಲ್ಲಿ ಸೋತರು. ಕರೆವ್ವ ಚೆಂಡನ್ನೇನೋ ದೂರ ಹೊಡೆದಳು, ಆದರೆ ಕ್ರಿಕೆಟ್ಟಿನವರ ಹಾಗೆ ಬ್ಯಾಟು ಹಿಡಿದುಕೊಂಡೇ ಓಡಿದಳು. ಹೊಡೆದೊಡನೆ ಬ್ಯಾಟು ಬಿಟ್ಟು ಓಡಬೇಕೆಂದು ಇನ್ನೂರು ಸಲ ಹೇಳಿಕೊಟ್ಟಿತ್ತು. ಇದ್ದದ್ದೊಂದು ಬ್ಯಾಟು, ಯಾರಾದರೂ ಎತ್ತಿಕೊಂಡು ಹೋದರೆ ಎಂದು ಅವಳ ಚಿಂತೆ. ಬ್ಯಾಟು ಹೊತ್ತ ಕೈ, ಕಚ್ಚೆಗೆ ರೂಢಿಯಾಗಿ ಪ್ಯಾಂಟಿನಲ್ಲಿ ತೊಡರುವ ಕಾಲು, ಎರಡು ಸಲ ಅರ್ಧ ದಾರಿಯಲ್ಲೇ ಔಟಾದಳು. ಮಧ್ಯಾಹ್ನವೇ ರಾಜ್ಯ ತಂಡದ ಶಿಬಿರಕ್ಕೆ ಆರಿಸಿದವರ ಹೆಸರು ಓದಿದರು. ಕರೆವ್ವನ ಹೆಸರು ಇರಲಿಲ್ಲ. ಕೈ ಚೆನ್ನಾಗಿದೆ, ಓಟ ಸಾಲದು ಎಂದು ಆರಿಸುವವರೊಬ್ಬರು ಜೈಬುನ್ನಿಸಾಳಿಗೆ ಹೇಳಿ ಚಹಾ ಕುಡಿಯಲು ಹೋದರು.

ತಿರುಗಿ ಬರುವ ದಾರಿಯುದ್ದಕ್ಕೂ ಜೈಬುನ್ನಿಸಾ ಮಾತು ನಿಲ್ಲಿಸಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬೈಲಹೊಂಗಲದಲ್ಲಿ ಇಳಿದರು. ಮಲ್ಲಿಕಸಾಬ ಚಚಡಿಯ ಕಡೆ ಗಾಡಿ ತಿರುಗಿಸಿದ. ಇನ್ನೂ ಹೊತ್ತಿತ್ತು, ರಸ್ತೆಯ ಎರಡೂ ಬದಿಯ ಹೆಸರಿನ ಹೊಲಗಳ ಮೇಲೆ ಬಿಸಿಲಿತ್ತು. ಹಿಂದಿನ ಸೀಟಿನಲ್ಲಿ ಕರೆವ್ವ ಒಬ್ಬಳೇ. ಮುಂದೆ ಜೈಬುನ್ನಿಸಾ ಆರಿಸುವವರಿಗೆ ಬೈದು ಮುಗಿಸಿ ಮುಂದಿನ ವರ್ಷದ ಯೋಜನೆಗೆ ಬಂದಿದ್ದಳು. ಹೆಸರು ಪಟ್ಟಿಯಲ್ಲಿ ಉಳಿಯಿತು, ಅದು ದೊಡ್ಡದು ಎಂದಳು. ಕಿತ್ತೂರಿನಲ್ಲಿ ಸಿಮ್ರನ ಎಂಬ ಹುಡುಗಿ ಇದ್ದಾ‌ಳೆ, ಹತ್ತನೆಯ ತರಗತಿ, ಒಗೆಯುವುದರಲ್ಲಿ ಒಳ್ಳೆಯ ಕೈ, ಓಟವೂ ಇದೆ, ಮದುವೆಗೆ ಇನ್ನೂ ನಾಲ್ಕು ವರ್ಷ ತಡವಿದೆ ಎಂದು ಅವಳ ಅಪ್ಪನೇ ಮಾತು ಕೊಟ್ಟಿದ್ದಾನೆ ಎಂದಳು.

“ಅಕಿ ಬಂದ್ಲಂದ್ರ ಹತ್ತ ಆಗತಾವ ಅಬ್ಬಾ. ಯಾರರೆ ಒಬ್ಬಾಕಿ ಕೈ ಕೊಟ್ರೂ ಚಿಂತಿಲ್ಲ. ಇನ್ನ ಮ್ಯಾಲ ಯಾರ ಕಾಲೂ ಹಿಡೀಬೇಕಾಗಿಲ್ಲ.”

ಮಲ್ಲಿಕಸಾಬ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ ಗಾಡಿ ನಿಧಾನ ಮಾಡಿದ.

“ಅಕ್ಕಾರ,” ಎಂದಳು ಕರೆವ್ವ. ಅವಳು ಮೈದಾನದಲ್ಲಿ ಎಂದೂ ಪ್ರಶ್ನೆ ಕೇಳಿದವಳಲ್ಲ. “ಬರೋ ವರ್ಷ ತಂಡದಾಗ ಹತ್ತ ಮಂದಿ ಇದ್ರೂ ನನ್ನ ಕರಿಯಾಕ ಬರತೀರೇನ್ರಿ?”

ಜೈಬುನ್ನಿಸಾ ತಿರುಗಿ ನೋಡಿದಳು. ಕರೆವ್ವನ ತಲೆಯಲ್ಲಿ ಇಂದ್ರವ್ವ ಮುಡಿಸಿದ ಹೂ ಬಾಡಿತ್ತು. ಮಡಿಲಲ್ಲಿ ಬಳೆಯ ಪೊಟ್ಟಣ, ಖಣ, ಮಲ್ಲಿಕಸಾಬ ಧಾರವಾಡದಲ್ಲಿ ಕೊಡಿಸಿದ ಪೇಡೆಯ ಡಬ್ಬಿ ಇದ್ದವು. ಅವಳು ಅವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಅವಳ ಮುಖದಲ್ಲಿ ದೂರು ಇರಲಿಲ್ಲ. ಆರಿಸದೆ ಹೋದ ದುಃಖವೂ ಇರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಅಷ್ಟೇ.

ಆರು ವರ್ಷದಿಂದ ಇವರು ಹೆಣ್ಣುಮಕ್ಕಳ ಮಾತು ಕೇಳುವುದಿಲ್ಲ, ನಮ್ಮನ್ನು ಆಳಿನ ಹಾಗೆ ಎಣಿಸುತ್ತಾರೆ ಎಂದು ಊರಿಗೆಲ್ಲ ಬೈದುಕೊಂಡು ತಿರುಗಿದವಳು ತಾನು. ಅಮೆರಿಕದವರಿಗೂ ಬೈದವಳು. ಬೇಕಾದಾಗ ಕರೆದು, ಬೇಡವಾದಾಗ ಮನೆಗೆ ಕಳಿಸಿದರು ಎಂದು. ಜೈಬುನ್ನಿಸಾಳಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವಳಿಗೆ ಬರುತ್ತಿದ್ದದ್ದು ಸಿಟ್ಟೊಂದೇ, ಅದೇ ಬಂತು.

“ಹತ್ತ ಆಗಲಿ ಇಪ್ಪತ್ತ ಆಗಲಿ, ತಂಡಾನ ಇರದಿದ್ರೂ ಬರತೇನಿ,” ಎಂದಳು. ದನಿ ಒರಟಾಗಿತ್ತು. “ರೊಟ್ಟಿಹಬ್ಬದ ದಿನ ಮುಂಜಾನಿ ಗಂಟ ಕಟಿಗೊಂಡು ಬಾಗಲಾಗ ಕುಂತಿರಬೇಕು. ತಡಾ ಮಾಡಿದಿ ಅಂದ್ರ ಊರ ಮುಂದ ಬೈತೇನಿ.”

ಕರೆವ್ವ ಆಗಲಿ ಎಂದು ತಲೆಯಾಡಿಸಿದಳು. ಮಲ್ಲಿಕಸಾಬ ಗೇರು ಬದಲಿಸಿದ. ಚಚಡಿಯ ಆ ಬೇವಿನ ಮರದ ಮುಂದೆ ಗಾಡಿ ನಿಂತಾಗ ಸುಂದರವ್ವ ಕಟ್ಟೆಯ ಮೇಲೆ ಕುಳಿತು ದಾರಿ ನೋಡುತ್ತಿದ್ದಳು. ಜೈಬುನ್ನಿಸಾ ಮೊದಲು ಇಳಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಮಗಳನ್ನು ಒಪ್ಪಿಸಿ ಬರಲು ಆ ಬಾಗಿಲಿಗೆ ನಡೆದಳು.